ಮೊಗ್ಗಿನ ಜಡೆಯ ಲೆಕ್ಕ

ಅಣ್ಣನ ಮಗಳ ಮದುವೆ ವೈಶಾಖದಲ್ಲಿ, ಆಲೂರಿನ ಮಂಟಪದಲ್ಲಿ ನಿಶ್ಚಯವಾಗಿತ್ತು. ಹುಡುಗಿಗೆ ಮೊಗ್ಗಿನ ಜಡೆಯೇ ಬೇಕು. ಕಾಫಿ ಮಾರಿದ ದುಡ್ಡಿನಲ್ಲಿ ಚಿನ್ನಕ್ಕೆಷ್ಟು, ಊಟಕ್ಕೆಷ್ಟು ಎಂದು ಬಿಡಿಬಿಡಿಯಾಗಿ ಬರೆಯುವ ನಮ್ಮ ಮನೆಗಳಲ್ಲಿ ಅಲಂಕಾರವನ್ನು ಮಾತ್ರ ‘ಪಾರ್ಲರ್‌ನವರಿಗೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಆ ಸಾಲನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಹಾಸನದ ಪಾರ್ಲರ್ ಒಂದರಲ್ಲಿ ಮೇಕಪ್, ಸೀರೆ, ಜಡೆ, ಹೂವು ಎಲ್ಲ ಸೇರಿ 18 ಸಾವಿರ ಎಂದರು. ಬರೀ ಜಡೆಗೆಷ್ಟು ಎಂದರೆ, “ಪ್ಯಾಕೇಜಲ್ಲಿ ಬರುತ್ತೆ ಮೇಡಂ.” ಸಕಲೇಶಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ಇಟ್ಟುಕೊಂಡಿರುವ ಹೆಣ್ಣುಮಗಳು ಹೇಳಿದ್ದು ಬೇರೆ: “ಕೈಕೆಲಸಕ್ಕೆ ಎರಡು ಸಾವಿರ ಅಕ್ಕಾ. ಹೂವು ಅವತ್ತಿನ ರೇಟು. ಆಲೂರಿಗೆ ಬರೋ ಗಾಡಿ ಖರ್ಚು ನಿಮ್ದು.” ಹೀಗೆ ಬಿಡಿಸಿ ಹೇಳುವವರನ್ನೇ ನಾನು ಆರಿಸುವುದು. ಕೈಕೆಲಸದ ಕೂಲಿ ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ, ಏರಿಳಿಯುವುದು ಹೂವು. ಚಳಿಗಾಲದಲ್ಲಿ ಮಲ್ಲಿಗೆ ಇಳುವರಿ ಕುಗ್ಗಿ ಬೆಲೆ ಏರುತ್ತದೆ. ಜನವರಿಯ ಮದುವೆಯಾದರೆ ಬಾಡಿಗೆಗೆ ಸಿಗುವ ಕೃತಕ ಮೊಗ್ಗಿನ ಜಡೆಯೇ ಸಾಕು ಎನ್ನುತ್ತಿದ್ದೆ. ವೈಶಾಖಕ್ಕೆ ಅಸಲಿ ಹೂವೇ ಸರಿ.

ಮೊಗ್ಗನ್ನು ಹಾಗೇ ಬಿಟ್ಟರೆ ರಾತ್ರಿ ಅರಳಿಬಿಡುತ್ತದೆ. ಬೆಳಗಿನ ಮುಹೂರ್ತಕ್ಕೆ ಹಿಂದಿನ ದಿನವೇ ತಂದು, ಕಟ್ಟಿ, ತಂಪಿನಲ್ಲಿಡಬೇಕು. ಮಂಟಪದಲ್ಲಿ ಯಾರೂ ಕಾಣದ ಆ ದುಡಿಮೆಯ ಮೇಲೆ ಚೌಕಾಸಿ ಮಾಡಬೇಡಿ.

ಚೌಕಾಸಿಗಿಂತ ಮುಖ್ಯವಾಗಿ ಕೇಳಬೇಕಾದ್ದು, ಅದೇ ಬೆಳಿಗ್ಗೆ ಇನ್ನೆಷ್ಟು ಮದುಮಕ್ಕಳನ್ನು ಒಪ್ಪಿಕೊಂಡಿದ್ದೀರಿ ಎಂದು. ಆಷಾಢ ಬರುವುದರೊಳಗೆ ಎಲ್ಲರಿಗೂ ಮದುವೆ ಮುಗಿಯಬೇಕು. ಒಳ್ಳೆಯ ಲಗ್ನದ ದಿನ ಒಬ್ಬರೇ ಎರಡು ಮಂಟಪ ಹಿಡಿಯುವುದುಂಟು. ಸಕಲೇಶಪುರದವರು “ನಿಮ್ದೊಂದೇ” ಎಂದರು. ಸೂತಕ ಬಂದು ದಿನ ಮುಂದಕ್ಕೆ ಹೋದರೆ ಮುಂಗಡ ಹೊಸ ತಾರೀಖಿಗೆ ಜಮಾ, ಅವರೇ ಬರಲಾಗದಿದ್ದರೆ ಪೂರ್ತಿ ವಾಪಸ್ ಎಂದು ಮಾತಾಯಿತು. ತೋಟದ ಮನೆಯಲ್ಲಿ ನೆಟ್‌ವರ್ಕ್ ನೆಚ್ಚುವಂತಿಲ್ಲ. ಪೇಟೆಯಲ್ಲಿದ್ದಾಗಲೇ ಇದೆಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆದು, ಫೋನ್‌ನಲ್ಲೇ 500 ರೂಪಾಯಿ ಹಾಕಿದೆ. ದುಡ್ಡು ಕೊಟ್ಟದ್ದಕ್ಕೆ ಗುರುತು ಉಳಿಯಬೇಕು. ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ನೋಂದಣಿ ಇಲ್ಲದ ಸಣ್ಣ ಪಾರ್ಲರ್‌ನವರು ಅದನ್ನೂ ವಸೂಲಿ ಮಾಡುವಂತಿಲ್ಲ. ದೊಡ್ಡ ಪಾರ್ಲರ್‌ನ ಬಿಲ್ಲಿನಲ್ಲಿ ಈ ಸಾಲನ್ನು ತಪ್ಪದೆ ನೋಡಿ.

ಬೆಳಿಗ್ಗೆ ಐದಕ್ಕೆ ಮಂಟಪದಲ್ಲಿರಬೇಕು, ಉಳಿದ ಕೂಲಿ ಜಡೆ ಮುಡಿಸಿದ ಕೂಡಲೇ ಎಂದು ನಿಗದಿಯಾಯಿತು. ಹೂವಿನ ದುಡ್ಡನ್ನು ಮಾತ್ರ ಹಿಂದಿನ ದಿನವೇ ಕೊಟ್ಟೆವು. ನಮ್ಮ ಮನೆ ಮದುವೆಗೆ ಅವರು ಕೈಯಿಂದ ಹಾಕಿ ಹೂವು ತರುವಂತಾಗಬಾರದು.