ಕಲಿತ ವಿದ್ಯೆ ಕೈಬಿಡದು

ಮಕ್ಕಳೇ, ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಶಾಲೆಗಳಲ್ಲಿ ನಿಮ್ಮಂತಹ ಮಕ್ಕಳು ಖೋಖೋ ಆಡುತ್ತಾರೆ. ಖೋಖೋ ಆಡಿ ಪಳಗಿದ ಹುಡುಗಿ ಉದ್ದ ಜಿಗಿತಕ್ಕೆ ಸೇರಿದರೆ, ಅವಳ ಓಟ ಅಲ್ಲಿಯೂ ನೆರವಾಗುತ್ತದೆ. ಹೀಗೆ ಒಂದು ಆಟವನ್ನು ಬಿಟ್ಟು ಮತ್ತೊಂದು ಆಟದಲ್ಲಿ ಜಗತ್ತಿಗೇ ಮೊದಲಿಗಳಾದ ಯೆಲೆನಾ ಇಸಿನ್‌ಬಯೇವಾಳ ಕಥೆಯನ್ನು ಕೇಳಿರಿ.

ಯೆಲೆನಾ 1982ರ ಜೂನ್ 3ರಂದು ರಷ್ಯಾದ ವೋಲ್ಗೋಗ್ರಾಡ್ ನಗರದಲ್ಲಿ ಜನಿಸಿದಳು. ಅವಳ ತಂದೆ ನಲ್ಲಿ ರಿಪೇರಿಯ ಕೆಲಸ ಮಾಡುತ್ತಿದ್ದರು. ಐದನೆಯ ವಯಸ್ಸಿನಲ್ಲಿ ಅವಳು ಜಿಮ್ನಾಸ್ಟಿಕ್ಸ್ ಕಲಿಯಲು ಸೇರಿದಳು. ಲಾಗ ಹಾಕುವುದು, ಕಂಬಿ ಹಿಡಿದು ತೂಗಿ ತಿರುಗುವುದು, 10 ಸೆಂಟಿಮೀಟರ್ ಅಗಲದ ತೊಲೆಯ ಮೇಲೆ ಬೀಳದಂತೆ ಕುಣಿಯುವುದು, ಇವೆಲ್ಲ ಜಿಮ್ನಾಸ್ಟಿಕ್ಸ್‌ನಲ್ಲಿ ಇವೆ. ಯೆಲೆನಾ ಹತ್ತು ವರ್ಷ ಇದನ್ನೇ ಅಭ್ಯಾಸ ಮಾಡಿದಳು.

ಆದರೆ ಅವಳು ತುಂಬಾ ಎತ್ತರವಾಗಿ ಬೆಳೆದಳು. ಮೈ ಉದ್ದವಾದಷ್ಟೂ ಗಾಳಿಯಲ್ಲಿ ಬೇಗನೆ ಸುತ್ತುವುದು ಕಷ್ಟ. ಆದ್ದರಿಂದ ಹದಿನೈದನೆಯ ವಯಸ್ಸಿನಲ್ಲಿ ಅವಳು ಜಿಮ್ನಾಸ್ಟಿಕ್ಸ್ ಬಿಡಬೇಕಾಯಿತು. ಹಾಗಾದರೆ ಹತ್ತು ವರ್ಷದ ಶ್ರಮವೆಲ್ಲ ವ್ಯರ್ಥವಾಯಿತೇ?

ಇಲ್ಲ. ಯೆಲೆನಾ ತ್ರೋಫಿಮೋವ್ ಎಂಬ ತರಬೇತುದಾರರ ಬಳಿ ಪೋಲ್ ವಾಲ್ಟ್ ಕಲಿಯತೊಡಗಿದಳು. ಇದು ಕೋಲಿನ ನೆರವಿನಿಂದ ಎತ್ತರಕ್ಕೆ ಜಿಗಿಯುವ ಆಟ. ಆಟಗಾರರು ಉದ್ದನೆಯ ಕೋಲನ್ನು ಹಿಡಿದು ಓಡಿ ಬಂದು, ಅದರ ತುದಿಯನ್ನು ನೆಲದ ಗುಳಿಗೆ ಊರುತ್ತಾರೆ. ಕೋಲು ಬಿಲ್ಲಿನಂತೆ ಬಾಗಿ, ಮತ್ತೆ ನೆಟ್ಟಗಾಗುತ್ತಾ ಅವರನ್ನು ಮೇಲಕ್ಕೆತ್ತುತ್ತದೆ. ಆಗ ಅವರು ಕಾಲು ಮೇಲೆ, ತಲೆ ಕೆಳಗೆ ಮಾಡಿ, ಮೈ ತಿರುಗಿಸಿ ಅಡ್ಡಪಟ್ಟಿಯನ್ನು ದಾಟುತ್ತಾರೆ. ತಲೆಕೆಳಗಾಗಿ ತೂಗುವುದು ಯೆಲೆನಾಳಿಗೆ ಹೊಸದೇ? ಇಲ್ಲಿ ಅವಳ ಎತ್ತರವೂ ಅಡ್ಡಿಯಾಗಲಿಲ್ಲ, ಅನುಕೂಲವೇ ಆಯಿತು.

ಒಂದು ವರ್ಷ ತುಂಬುವ ಮೊದಲೇ, 1998ರಲ್ಲಿ, ಮಾಸ್ಕೋದಲ್ಲಿ ನಡೆದ ಕಿರಿಯರ ವಿಶ್ವ ಕ್ರೀಡಾಕೂಟದಲ್ಲಿ ಅವಳು 4 ಮೀಟರ್ ಜಿಗಿದು ಚಿನ್ನ ಗೆದ್ದಳು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಾತ್ರ ಅಂತಿಮ ಸುತ್ತನ್ನೂ ತಲುಪಲಿಲ್ಲ. ಆದರೂ ಎದೆಗುಂದದೆ 2004ರಲ್ಲಿ ಅಥೆನ್ಸ್‌ನಲ್ಲಿ, 2008ರಲ್ಲಿ ಬೀಜಿಂಗ್‌ನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದಳು. 2005ರ ಜುಲೈ 22ರಂದು ಲಂಡನ್‌ನಲ್ಲಿ 5 ಮೀಟರ್ ದಾಟಿದ ಮೊದಲ ಮಹಿಳೆಯಾದಳು.

2009ರ ಆಗಸ್ಟ್‌ನಲ್ಲಿ ಬರ್ಲಿನ್‌ನ ವಿಶ್ವ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಅವಳು ಒಂದು ಎತ್ತರವನ್ನೂ ದಾಟಲಾರದೆ ಸೋತಳು. ಹನ್ನೊಂದೇ ದಿನಗಳ ಬಳಿಕ ಜ್ಯೂರಿಕ್‌ನಲ್ಲಿ 5.06 ಮೀಟರ್ ಜಿಗಿದು ವಿಶ್ವದಾಖಲೆ ಮಾಡಿದಳು! ಇದು ಒಂದು ಅಂತಸ್ತಿನ ಶಾಲೆಯ ಮಾಳಿಗೆಗಿಂತಲೂ ಎತ್ತರ.

ಇಂತಹವರು ನಮ್ಮ ಹತ್ತಿರವೂ ಇದ್ದಾರೆ. ಹೈದರಾಬಾದಿನ ಅರುಣಾ ರೆಡ್ಡಿ ಮೊದಲು ಕಲಿತದ್ದು ಕರಾಟೆ. ಬಳಿಕ ಜಿಮ್ನಾಸ್ಟಿಕ್ಸ್‌ಗೆ ಬಂದು, 2018ರಲ್ಲಿ ಮೆಲ್ಬರ್ನ್‌ನ ವಿಶ್ವಕಪ್‌ನಲ್ಲಿ ಕಂಚಿನ ಪದಕ ಪಡೆದರು.

ದಾರಿ ಬದಲಾಗಬಹುದು. ಶ್ರದ್ಧೆಯಿಂದ ಕಲಿತದ್ದು ನಮ್ಮ ಜೊತೆಯಲ್ಲೇ ಬರುತ್ತದೆ.

ಪದಗಳ ಅರ್ಥ
ಪಳಗು – ರೂಢಿಯಾಗು
ತೊಲೆ – ಉದ್ದವಾದ ಮರದ ದಿಮ್ಮಿ
ವ್ಯರ್ಥ – ಪ್ರಯೋಜನವಿಲ್ಲದ್ದು
ಎದೆಗುಂದು – ಧೈರ್ಯ ಕಳೆದುಕೊಳ್ಳು

ಅಭ್ಯಾಸ
ಅ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
1. ಯೆಲೆನಾ ಜಿಮ್ನಾಸ್ಟಿಕ್ಸ್ ಬಿಡಲು ಕಾರಣವೇನು?
2. ಮೊದಲ ಆಟದ ಯಾವ ಕಲಿಕೆ ಪೋಲ್ ವಾಲ್ಟ್‌ನಲ್ಲಿ ನೆರವಾಯಿತು?
3. ಬರ್ಲಿನ್‌ನಲ್ಲಿ ಸೋತ ಬಳಿಕ ಏನಾಯಿತು?

ಆ. ಸ್ವಂತ ವಾಕ್ಯದಲ್ಲಿ ಬಳಸಿರಿ: ಎದೆಗುಂದದೆ, ವ್ಯರ್ಥ.

ಇ. ಮಾಡಿ ನೋಡಿರಿ: ಶಾಲೆಯ ಅಂಗಳದಲ್ಲಿ 5.06 ಮೀಟರ್ ಅಳೆದು ಸುಣ್ಣದ ಗೆರೆ ಎಳೆಯಿರಿ. ಅದು ನಿಮ್ಮ ಎತ್ತರದ ಎಷ್ಟು ಪಟ್ಟು?