ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಡು

ತಮ್ಮಾ, ಕಬ್ಬಿನ ಹಂಗಾಮು ಮುಗಿಯುತ್ತಿದ್ದಂತೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಶ್ರೀಶೈಲದ ಹಂಗಾಮು ಶುರುವಾಗುತ್ತದೆ. ಕಂಬಿ ಹೊತ್ತವರು, ಪಾದಯಾತ್ರೆಯವರು ಯುಗಾದಿಗೆ ಎಷ್ಟೋ ದಿನ ಮೊದಲೇ ಊರು ಬಿಟ್ಟಿರುತ್ತಾರೆ. ಅವರ ಹಿಂದೆ ಹಾಸಿಗೆ, ರೊಟ್ಟಿಯ ಗಂಟು, ಒಲೆ, ನೀರಿನ ಡ್ರಮ್ಮು ಹೇರಿಕೊಂಡು ಟೆಂಪೊ, ಕ್ರೂಸರ್, ಟ್ರ್ಯಾಕ್ಟರುಗಳು ಹೊರಡುತ್ತವೆ. ಮೇಲೆ ತಾಡಪತ್ರಿ ಬಿಗಿದು, ಒಳಗೆ ಹುಲ್ಲು ಹರವಿ, ಅದರ ಮೇಲೆ ಜಮಖಾನೆ ಹಾಸಿದರೆ ಊರಿಗೆ ಮರಳುವತನಕ ಅದೇ ಮನೆ. ಹೊರದೇಶಗಳಲ್ಲಿ ಮಂಚ, ಅಡಿಗೆಮನೆ, ಬಚ್ಚಲು ಎಲ್ಲ ಒಳಗೇ ಇರುವ ಮೋಟರ್‌ಹೋಮ್‌ಗಳಲ್ಲಿ ಜನ ಮರುಭೂಮಿ, ಕಂದರಗಳನ್ನು ಸುತ್ತುತ್ತಾರಂತಲ್ಲ, ಆ ಗಾಡಿಗೂ ನಮ್ಮ ಗಾಡಿಗೂ ಸೌಕರ್ಯದಲ್ಲಿ ಅಂತರವಿದೆ. ಬಿಸಿಲು, ಗಾಳಿ, ಸಿಡಿಲು, ಘಾಟಿಗಳ ಮುಂದೆ ಎರಡೂ ಒಂದೇ.

ಈ ಸಲ ಗಾಡಿಯ ಹೊಣೆ ನಿನ್ನ ಮೇಲೆ ಬಿದ್ದಿದೆ ಎಂದು ಕೇಳಿ ಸಂತೋಷವಾಯಿತು. ಹಿರಿಯರು ಹುಡುಗರನ್ನು ನಂಬಿ ಹೊಣೆ ಕೊಡಬೇಕು, ಕೊಡುವಾಗ ತಿಳಿದದ್ದನ್ನು ಹೇಳಿಯೂ ಕೊಡಬೇಕು. ಮೊದಲ ಮಾತು ಇದು, ಉಳಿದವೆಲ್ಲ ಇದರ ಬೆನ್ನಿಗೆ ಬರುತ್ತವೆ: ಲೆಕ್ಕಕ್ಕಿಂತ ಒಂದು ದಿನ ಹೆಚ್ಚು ಕೈಯಲ್ಲಿಟ್ಟುಕೊಂಡು ಹೊರಡು.

ಯಾಕೆ ಗೊತ್ತೇ? ಯುಗಾದಿ ಪಾಡ್ಯದ ಬೆಳಗ್ಗೆ ಶ್ರೀಶೈಲದ ಮಲ್ಲಯ್ಯನ ದರ್ಶನ ಆಗಲೇಬೇಕು, ಮರುದಿನ ಮಗ್ಗ ಶುರು, ನೀರಿನ ಪಾಳಿ ಇದೆ ಎಂದು ಎರಡೂ ತುದಿ ಬಿಗಿಯಾಗಿ ಕಟ್ಟಿಕೊಂಡು ಹೊರಟವನಿಗೆ ನಡುವೆ ನಿಲ್ಲುವ ಸ್ವಾತಂತ್ರ್ಯವೇ ಇರುವುದಿಲ್ಲ. ಮುಗಿಲು ಕಪ್ಪಾದರೂ ಗಾಡಿ ಬಿಡುತ್ತಾನೆ, ನಿದ್ದೆ ಎಳೆದರೂ ಬಿಡುತ್ತಾನೆ, ಕತ್ತಲಲ್ಲಿ ಘಾಟಿ ಹತ್ತುತ್ತಾನೆ. ದಾರಿಯ ಅನಾಹುತಗಳನ್ನು ಬಿಡಿಸಿ ನೋಡು, ಬಹಳಷ್ಟರ ಬುಡದಲ್ಲಿ ಅವಸರ ಕೂತಿರುತ್ತದೆ. ಒಂದು ದಿನ ಕೈಯಲ್ಲಿದ್ದರೆ ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ.

ಇನ್ನು ಹವೆಯ ವಿಚಾರ. ನಮ್ಮದು ಸಹ್ಯಾದ್ರಿಯ ಮಳೆನೆರಳಿನ ಸೀಮೆ, ಮುಂಗಾರು ಕಡಿಮೆ. ಹಾಗೆಂದು ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬರೀ ಬಿಸಿಲು ಎಂದುಕೊಂಡರೆ ಮೋಸಹೋಗುತ್ತೀ. ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ, ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಒಳನಾಡಿನ ಒಣಗಾಳಿಗೆ ಎದುರಾಗುತ್ತದೆ. ಮಹಾರಾಷ್ಟ್ರದಿಂದ ಕರ್ನಾಟಕದ ಒಳನಾಡು ಹಾದು ತಮಿಳುನಾಡಿನವರೆಗೆ ಈ ಗಾಳಿಗಳು ಸಂಧಿಸುವ ಪಟ್ಟಿಯೊಂದು ಈ ದಿನಗಳಲ್ಲಿ ಆಗಾಗ ಏರ್ಪಡುತ್ತದೆ. ಅದು ಬಲವಾದ ದಿನ ಬೆಳಗ್ಗೆ ತಿಳಿಮುಗಿಲು, ಮಧ್ಯಾಹ್ನ ಸುಡುಬಿಸಿಲು, ಹೊತ್ತು ಇಳಿಯುವಾಗ ಒಮ್ಮೆಲೇ ಧೂಳೆಬ್ಬಿಸುವ ಬಿರುಗಾಳಿ, ಗುಡುಗು, ಕೆಲವು ಸಲ ಆಲಿಕಲ್ಲು. ಇದೇ ನಮ್ಮ ಅಡ್ಡಮಳೆ. ಒಂದೂರಿಗೆ ಹೊಡೆದು ಪಕ್ಕದೂರನ್ನು ಒಣದಾಗಿ ಬಿಟ್ಟುಹೋಗುವ ಮಳೆ.

ಯುಗಾದಿಯೂ ಒಂದೇ ತಾರೀಖಿಗೆ ಬರುವುದಿಲ್ಲ. 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2026ರಲ್ಲಿ ಮಾರ್ಚ್ 19ಕ್ಕೆ. ಈ ಮೂರು ವಾರದಲ್ಲಿ ಹವೆಯೇ ಬೇರೆಯಾಗುತ್ತದೆ. ಹಬ್ಬ ಬೇಗ ಬಂದ ವರ್ಷ ನಸುಕಿನಲ್ಲಿ ಕಾಡಿನ ಥಂಡಿ ಇರುತ್ತದೆ, ಮಕ್ಕಳಿಗೂ ಮುದುಕರಿಗೂ ಕಂಬಳಿ ಬೇಕು. ತಡವಾಗಿ ಬಂದ ವರ್ಷ ಬಿಸಿಲಿನ ಝಳವೇ ದೊಡ್ಡ ವೈರಿ. ಹೋದ ವರ್ಷ ಹೀಗಿತ್ತು ಎಂಬ ಲೆಕ್ಕದ ಮೇಲೆ ಗಂಟು ಕಟ್ಟಬೇಡ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ದಿನಾ ಬೆಳಗ್ಗೆ ನೋಡು, ನೀನು ಹೊರಟ ಜಿಲ್ಲೆಯದಷ್ಟೇ ಅಲ್ಲ, ಸಂಜೆ ಮುಟ್ಟುವ ಜಿಲ್ಲೆಯದನ್ನೂ ನೋಡು. ಪುಣೆಯ ವಿಜ್ಞಾನಿಗಳು ಮಾಡಿಕೊಟ್ಟ ‘ದಾಮಿನಿ’ ಎಂಬ ಆ್ಯಪ್ ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ. ಊರಲ್ಲಿ ಇರುವಾಗಲೇ ಫೋನಿಗೆ ಹಾಕಿಕೋ. ಕಾಡಿನೊಳಗೆ ನೆಟ್‌ವರ್ಕ್ ಸಿಗದೆ ಹೋಗಬಹುದು, ಆಗ ಕಣ್ಣು ಕಿವಿಯೇ ಗತಿ.

ಕಿವಿಗೊಂದು ಲೆಕ್ಕ ಹೇಳುತ್ತೇನೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸು. ಮೂರು ಸೆಕೆಂಡಿಗೆ ಒಂದು ಕಿಲೊಮೀಟರ್ ದೂರ. ಮೂವತ್ತರೊಳಗೆ ಗುಡುಗಿತೆಂದರೆ ಸಿಡಿಲು ಹತ್ತು ಕಿಲೊಮೀಟರ್ ಒಳಗಿದೆ, ಮುಂದಿನದು ನಿನ್ನ ತಲೆಯ ಮೇಲೆಯೇ ಬೀಳಬಹುದು. ಪಕ್ಕಾ ಕಟ್ಟಡದೊಳಗೆ ಹೋಗಿರಿ. ಅದು ಇಲ್ಲದಿದ್ದರೆ ಬಾಗಿಲು, ಕಿಟಕಿ ಮುಚ್ಚಿದ ತಗಡು ಮೈಯ ಬಸ್ಸು, ಕ್ರೂಸರ್ ಒಳಗೆ ಕೂತಿರಿ. ತಾಡಪತ್ರಿ ಕಟ್ಟಿದ ಟ್ರೇಲರ್ ಮಳೆಯನ್ನು ತಡೆದೀತು, ಸಿಡಿಲನ್ನು ತಡೆಯುವುದಿಲ್ಲ. ಬಯಲಿನ ಒಂಟಿ ಬೇವಿನಗಿಡದ ಬುಡವಂತೂ ಬೇಡವೇ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವತನಕ ಯಾರನ್ನೂ ಕೆಳಗಿಳಿಸಬೇಡ.

ದಾರಿಯ ನೆಲವನ್ನೂ ತಿಳಿದುಕೋ. ಹಿಪ್ಪರಗಿಯಲ್ಲಿ ನಾವು ನೋಡುವ ಕೃಷ್ಣೆ ಅಗಲ ಪಾತ್ರದ, ಸಾವಕಾಶದ ಹೊಳೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ನಮ್ಮ ರೈತರು ತಾವೇ ದುಡಿದು ಬ್ಯಾರೇಜು ಕಟ್ಟಿ ನೀರು ನಿಲ್ಲಿಸಿದ್ದು ಇದೇ ಹೊಳೆಗೆ. ಆಲಮಟ್ಟಿ, ನಾರಾಯಣಪುರ ದಾಟಿ, ರಾಯಚೂರಿನ ಬದಿ ಹಾದು ನಲ್ಲಮಲ ಬೆಟ್ಟ ಹೊಕ್ಕಾಗ ಅದರ ರೂಪವೇ ಬದಲಾಗುತ್ತದೆ. ಎರಡೂ ಬದಿ ಕಡಿದಾದ ಬಂಡೆ, ನಡುವೆ ಆಳದಲ್ಲಿ ಹೊಳೆ. ಆ ಕಂದರಕ್ಕೇ ಶ್ರೀಶೈಲದ ಅಣೆಕಟ್ಟು ಕಟ್ಟಿದ್ದಾರೆ. ದೇವಸ್ಥಾನ ಬೆಟ್ಟದ ಮೇಲಿದೆ, ಹೊಳೆಗೆ ಇಳಿಯುವ ಪಾತಾಳಗಂಗೆ ಎಷ್ಟೋ ಮೆಟ್ಟಿಲು ಕೆಳಗಿದೆ. ಪಾದಯಾತ್ರೆಯವರು ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು ದಾಟಿ ಭೀಮನಕೊಳ್ಳಕ್ಕೆ ಇಳಿದು ಮತ್ತೆ ಕೈಲಾಸದ್ವಾರಕ್ಕೆ ಹತ್ತುತ್ತಾರಲ್ಲ, ಆ ಏರಿಳಿತವೇ ಹೇಳುತ್ತದೆ ಅದು ಎಂಥ ಕೊಳ್ಳಗಳ ನಾಡು ಎಂದು.

ಕೊಳ್ಳದ ನಾಡಿನಲ್ಲಿ ನೆನಪಿಡಬೇಕಾದ ದೊಡ್ಡ ಮಾತೆಂದರೆ, ಒಣಹಳ್ಳವನ್ನು ನಂಬಬೇಡ. ಮಳಲು ಮೆತ್ತಗೆ ಇರುತ್ತದೆ, ನೆರಳು ಇರುತ್ತದೆ, ಬಿಡಾರ ಹೂಡಲು ಮನಸ್ಸಾಗುತ್ತದೆ. ಮೇಲಿನ ಗುಡ್ಡದಲ್ಲಿ ಬಿದ್ದ ಮಳೆ ಬಂಡೆಯ ಮೇಲೆ ಇಂಗದೆ ಒಟ್ಟಾಗಿ ಹರಿದು ಬರುತ್ತದೆ, ನಿನ್ನ ತಲೆಯ ಮೇಲೆ ಹನಿ ಬೀಳದಿದ್ದರೂ ಹಳ್ಳ ತುಂಬುತ್ತದೆ. ಅಮೆರಿಕದ ಅರಿಜೋನಾದಲ್ಲಿ ಆಂಟಿಲೋಪ್ ಕ್ಯಾನ್ಯನ್ ಎಂಬ ಇಕ್ಕಟ್ಟಾದ ಕೊಳ್ಳವಿದೆ. 1997ರ ಆಗಸ್ಟ್ 12ರಂದು ಅದನ್ನು ನೋಡಲು ಇಳಿದಿದ್ದ 11 ಜನ ಪ್ರವಾಹದಲ್ಲಿ ತೀರಿಕೊಂಡರು. ಮಳೆ ಬಿದ್ದದ್ದು ಅಲ್ಲಿಂದ ಮೈಲಿಗಟ್ಟಲೆ ಮೇಲೆ. ಅಲ್ಲಿಯ ಮರುಭೂಮಿಗೂ ನಮ್ಮ ಬಯಲುಸೀಮೆಗೂ ನೀರಿನ ನಿಯಮ ಒಂದೇ. ಗಾಡಿಯನ್ನು ಹಳ್ಳದ ದಂಡೆಗಿಂತ ಎತ್ತರದಲ್ಲಿ ನಿಲ್ಲಿಸು. ನೆಲಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿದ್ದರೆ ಮುಂದಿನ ಗಾಡಿ ದಾಟಿತೆಂದು ನೀನು ದಾಟಬೇಡ. ಅಡ್ಡಮಳೆಯ ಹಳ್ಳ ಬೇಗ ಏರಿದಂತೆ ಬೇಗ ಇಳಿಯುವುದೂ ಉಂಟು, ಕಾದರೆ ದಾರಿ ತಾನೇ ತೆರೆಯುತ್ತದೆ. ಕೈಯಲ್ಲಿಟ್ಟುಕೊಂಡ ಆ ದಿನದಲ್ಲಿ ಕಾಯುವ ಈ ತಾಸುಗಳೂ ಸೇರಿವೆ.

ಗಾಡಿಯ ಬಗ್ಗೆ ಖಂಡಿತವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕಬ್ಬು ಹೇರುವ ಟ್ರ್ಯಾಕ್ಟರು ಮಾರ್ಚಿನಲ್ಲಿ ಖಾಲಿ ಇರುತ್ತದೆ, ಖರ್ಚು ಕಡಿಮೆ, ನಿಜ. ಆದರೆ ಟ್ರೇಲರಿನಲ್ಲಿ ಜನರನ್ನು ಕೂರಿಸಿ ಒಯ್ಯಲು ಕಾನೂನಿನಲ್ಲಿ ಅವಕಾಶವಿಲ್ಲ. ಅನಾಹುತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಕಾನೂನು ಬದಿಗಿಟ್ಟು ನೋಡಿದರೂ, ಬಯಲಿಗೆ ಒಗ್ಗಿದ ಟ್ರೇಲರು ಇಳಿಜಾರಿನಲ್ಲಿ ಹಿಂದಿನಿಂದ ನೂಕಿದರೆ ಟ್ರ್ಯಾಕ್ಟರಿನ ಬ್ರೇಕ್ ಸಾಲುವುದಿಲ್ಲ. ಟ್ರ್ಯಾಕ್ಟರು ಬೇಕೇ ಬೇಕು ಎಂದರೆ ಒಂದೇ ಟ್ರೇಲರ್, ಅದರಲ್ಲಿ ಸಾಮಾನು ಮಾತ್ರ, ಹಿಂದೆ ಕೆಂಪು ದೀಪ ಮತ್ತು ರಿಫ್ಲೆಕ್ಟರ್. ಅದನ್ನೂ ಘಾಟಿಯ ಕೆಳಗೇ ಬಿಡು. ಜನ ಬಸ್ಸಿನಲ್ಲಿ ಬರಲಿ, ಯುಗಾದಿಗೆ ಸಾರಿಗೆ ಸಂಸ್ಥೆಯವರು ಶ್ರೀಶೈಲಕ್ಕೆ ವಿಶೇಷ ಬಸ್ಸು ಬಿಡುತ್ತಾರೆ. ಬಾಡಿಗೆ ಟೆಂಪೊ ಹಿಡಿದರೆ ಹಳದಿ ಬೋರ್ಡಿನದೇ ಇರಲಿ. ರಾಯಚೂರಿನಿಂದ ಕರ್ನೂಲಿಗೆ ಹೋಗುವ ದಾರಿಗಳಲ್ಲಿ ಒಂದು ತೆಲಂಗಾಣ ಹಾದು ಹೋಗುತ್ತದೆ. ಯಾವ ದಾರಿಯೆಂದು ಮೊದಲೇ ಗೊತ್ತುಮಾಡಿ ಅದಕ್ಕೆ ತಕ್ಕ ಪರ್ಮಿಟ್ ಮಾಡಿಸು.

ಜಮಖಂಡಿಯಿಂದ ಬಾಗಲಕೋಟೆ, ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ದೋರ್ನಾಳ ಹಾದು ಶ್ರೀಶೈಲ ಮುಟ್ಟಲು ಐದುನೂರು ಕಿಲೊಮೀಟರಿನ ಮೇಲಿನ ದಾರಿ. ಒಂದೇ ಉಸಿರಿಗೆ ಹೋಗುವುದು ಬೇಡ. ನಸುಕಿನಲ್ಲಿ ಹೊರಟು ಹನ್ನೆರಡರೊಳಗೆ ನೆರಳಿಗೆ ನಿಲ್ಲು. ಸುಡುವ ರಸ್ತೆಯ ಮೇಲೆ ಹೇರು ಹೆಚ್ಚಾದ ಗಾಡಿಯ ಟಾಯರು ಸಿಡಿಯುವುದು ಆ ಹೊತ್ತಿನಲ್ಲೇ. ಗಾಳಿಯ ಒತ್ತಡವನ್ನು ಟಾಯರು ತಣ್ಣಗಿರುವಾಗ ನೋಡಿಸು. ನಾಲ್ಕರ ಮೇಲೆ ಮುಗಿಲು ತಿಳಿಯಾಗಿದ್ದರಷ್ಟೇ ಎರಡನೆಯ ಓಟ. ದೋರ್ನಾಳದ ಮುಂದೆ ಘಾಟಿ ಹುಲಿ ಸಂರಕ್ಷಿತ ಅರಣ್ಯದೊಳಗೆ ಹೋಗುತ್ತದೆ, ಸಾಮಾನ್ಯವಾಗಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಅದರ ಗೇಟು ಮುಚ್ಚಿರುತ್ತದೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಒಳನುಗ್ಗಲು ಗಾಡಿ ಓಡಿಸುವವರುಂಟು. ನೀನು ಹಾಗೆ ಮಾಡಬೇಡ. ರಾತ್ರಿ ಕೆಳಗೆ ಮಲಗಿ, ಬೆಳಕಿನಲ್ಲಿ ಏರು.

ಏರುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಬಿಟ್ಟರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ವರ್ಷದ ಮೊದಲ ಹನಿ ಬಿದ್ದಾಗ ರಸ್ತೆಯ ಮೇಲಿನ ಎಣ್ಣೆ, ಧೂಳು ಸೇರಿ ಜಾರುತ್ತದೆ, ಜೋರು ಮಳೆಗಿಂತ ಆ ಹನಿಯೇ ಅಪಾಯ. ರೇಡಿಯೇಟರ್ ಕುದಿಯುತ್ತಿದ್ದರೆ ಮುಚ್ಚಳಕ್ಕೆ ಕೈ ಹಾಕಬೇಡ, ತಣಿಯಲಿ. ಏರಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟರೆ ಹೊರಡುವಾಗ ಅದನ್ನು ತೆಗೆದು ಬದಿಗೆ ಹಾಕು. ದಾರಿಯ ನಡುವೆ ಬಿಟ್ಟುಹೋದ ಕಲ್ಲು ಹಿಂದೆ ಬರುವ ಬೈಕಿನವನ ಜೀವ ತೆಗೆಯುತ್ತದೆ.

ಮಲಗುವ ವಿಷಯದಲ್ಲಿ ಹಟ ಹಿಡಿದು ಹೇಳು, ಯಾರೂ ಗಾಡಿಯ ಕೆಳಗೆ ನೆರಳಿಗೆಂದು ಮಲಗಕೂಡದು. ನಿದ್ದೆಗಣ್ಣಿನ ಚಾಲಕ ನೋಡದೆ ಗಾಡಿ ತೆಗೆದರೆ ಮುಗಿಯಿತು. ಪ್ರತಿ ಸಲ ಹೊರಡುವ ಮುನ್ನ ತಲೆ ಎಣಿಸು, ಗಾಡಿಯ ಕೆಳಗೆ ಬಗ್ಗಿ ನೋಡು. ಚಾಲಕನಿಗೆ ಎಲ್ಲರಿಗಿಂತ ಒಳ್ಳೆಯ ಜಾಗ, ಎಲ್ಲರಿಗಿಂತ ಹೆಚ್ಚು ನಿದ್ದೆ. ಅವನು ಮಲಗಿದ ಮೇಲೆ ಭಜನೆಯ ಮೈಕು ಬಂದ್. ಮುಚ್ಚಿದ ಗಾಡಿಯೊಳಗೆ ಒಲೆ ಹಚ್ಚಬೇಡಿ, ಜನರೇಟರ್ ಓಡಿಸಬೇಡಿ, ಅದರ ವಿಷದ ಗಾಳಿಗೆ ವಾಸನೆಯೂ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅಡಿಗೆಯನ್ನೆಲ್ಲ ಕಾಡು ಸೇರುವ ಮೊದಲೇ ಮುಗಿಸಿಕೊಳ್ಳಿ. ಈ ದಿನಗಳಲ್ಲಿ ಎಲೆ ಉದುರಿ ಕಾಡು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು.

ಕಾಡಿನೊಳಗಿನ ಊಟಕ್ಕೆ ನಮ್ಮ ಹೆಣ್ಣುಮಕ್ಕಳು ಕಟ್ಟಿಕೊಡುವ ಬುತ್ತಿ ಇದೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ. ಒಲೆ ಬೇಡ, ಬಿಸಿಲಿಗೆ ಕೆಡುವುದಿಲ್ಲ. ಪ್ಲಾಸ್ಟಿಕ್ ಒಯ್ಯಬೇಡಿ, ಬಟ್ಟೆಯ ಚೀಲ, ಸ್ಟೀಲಿನ ತಂಬಿಗೆ ಇರಲಿ. ಮಂಗಗಳಿಗೆ ತಿನಿಸು ಹಾಕಬೇಡಿ, ಅವು ರಸ್ತೆಗೆ ಬಂದು ಗಾಲಿಗೆ ಸಿಗುತ್ತವೆ.

ನಡೆದು ಬರುವವರ ಬಳಿಗೆ ಹೋದಾಗ ನೀರು, ಮಜ್ಜಿಗೆ ಕೇಳುವ ಮುಂಚೆಯೇ ಕೊಡು. ಬಾಯಾರಿಕೆ ಎನ್ನುವ ಹೊತ್ತಿಗೆ ದೇಹ ಆಗಲೇ ಸೊರಗಿರುತ್ತದೆ. ವಾಂತಿ ಭೇದಿ ಆದವರಿಗೆ ಪುಡಿಯ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸು. ಬಿಸಿಲಲ್ಲಿ ನಡೆದವರ ಮೈ ಬೆಂಕಿಯಂತೆ ಸುಟ್ಟು ಮಾತು ತೊದಲತೊಡಗಿದರೆ ಅದು ದಣಿವಲ್ಲ, ಶಾಖಾಘಾತ. ನೆರಳಿಗೆ ಎಳೆದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಲೇ 108ಕ್ಕೆ ಫೋನು ಮಾಡು. ಹರಕೆ ಹೊತ್ತಿದ್ದೇನೆ, ನಡೆದೇ ಬರುತ್ತೇನೆ ಎಂದು ಅಜ್ಜ ಹಟ ಹಿಡಿದರೆ, ಸುಸ್ತಾದಾಗ ಗಾಡಿ ಹತ್ತಿದರೆ ಮಲ್ಲಯ್ಯ ಮುನಿಯುವುದಿಲ್ಲ ಎಂದು ಕೈಹಿಡಿದು ಹತ್ತಿಸು. ಶ್ರೀಶೈಲದ ಭ್ರಮರಾಂಬೆಯನ್ನು ಮನೆಮಗಳೆಂದು ಸೀರೆ, ಕುಪ್ಪಸ ಒಯ್ಯುವ ಜನ ನಾವು. ಮಗಳ ಮನೆಗೆ ಹೊರಟವರ ಜೀವಕ್ಕೆ ಅಪಾಯವಾಗಲಿ ಎಂದು ಯಾವ ಮಗಳೂ ಬಯಸಳು.

ಕೈಯಲ್ಲಿಟ್ಟುಕೊಂಡ ದಿನ ಖರ್ಚಾಗದೆ ಉಳಿದರೂ ಅದು ನಷ್ಟವಲ್ಲ. ಪಾತಾಳಗಂಗೆಗೆ ಇಳಿದು ನಮ್ಮೂರ ಹೊಳೆಯನ್ನು ಅಲ್ಲಿ ನೋಡು. ದಾಸೋಹದಲ್ಲಿ ಒಂದು ಹೊತ್ತು ಬಡಿಸು. ಚಾಲಕನನ್ನು ಇನ್ನೊಂದು ರಾತ್ರಿ ಮಲಗಿಸು, ಮರಳುವ ದಾರಿಯಲ್ಲಿ ಎಲ್ಲರೂ ದಣಿದಿರುತ್ತಾರೆ, ಎಚ್ಚರ ತಪ್ಪುವುದು ಆಗಲೇ.

ಹಾಗಾಗಿ ಇವತ್ತೇ ಮೂರು ಕೆಲಸ ಮಾಡು. ಮಗ್ಗದ ಮಾಲೀಕರ ಹತ್ತಿರ ಒಂದು ದಿನದ ರಜೆ ಹೆಚ್ಚು ಕೇಳಿಕೋ, ನೀರಿನ ಪಾಳಿಯನ್ನು ಪಕ್ಕದ ಹೊಲದವರಿಗೆ ವಹಿಸು. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು, ‘ಹೇಳಿದ ದಿನಕ್ಕೆ ಬರದಿದ್ದರೆ ಗಾಬರಿಯಾಗಬೇಡಿ, ಎಲ್ಲೋ ಮಳೆಗೆ ನಿಂತಿರುತ್ತೇವೆ, ಬೇಗ ಬಾ ಎಂದು ಫೋನು ಮಾಡಬೇಡಿ’ ಎಂದು ಹೇಳು. ದಾರಿಯಲ್ಲಿರುವವನನ್ನು ಅವಸರಕ್ಕೆ ನೂಕುವುದು ಹೆಚ್ಚಾಗಿ ಪ್ರೀತಿಯ ಆ ಫೋನೇ. ಅದನ್ನು ಊರಲ್ಲೇ ನಿಲ್ಲಿಸಿ ಹೊರಟೆಯೆಂದರೆ ಅರ್ಧ ಯಾತ್ರೆ ಸುಖವಾಗಿ ಮುಗಿದಂತೆ.