ಚಟದ ಚಿಕಿತ್ಸೆ: ಅರ್ಧ ದವಾಖಾನೆಯಲ್ಲಿ, ಅರ್ಧ ಖೋಲಿಯಲ್ಲಿ



ಕುಡಿತಕ್ಕೋ ಗಾಂಜಾಕ್ಕೋ ಬಿದ್ದ ತರುಣನನ್ನು ಕಂಡಾಗ ನಮ್ಮ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. "ನಾಲ್ಕು ಏಟು ಬಿದ್ದರೆ ತಾನೇ ಬಿಡುತ್ತಾನೆ" ಎಂಬುದು ಒಂದು. "ಅವನ ಹಣೆಬರಹ" ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಚಟವು ಮೊದಲು ಚಪಲವಾಗಿ ಬಂದರೂ ಬರಬರುತ್ತ ಮೆದುಳಿನ ನಡೆಯನ್ನೇ ಬದಲಿಸುವ ಬೇನೆಯಾಗುತ್ತದೆ. ಹರೆಯದಲ್ಲಿ ಮೆದುಳು ಇನ್ನೂ ಬಲಿಯುತ್ತಿರುವುದರಿಂದ ಆಗ ಹತ್ತಿದ ಚಟ ಬೇಗ ಬೇರು ಬಿಡುತ್ತದೆ. ಬೇನೆ ಎಂದ ಮೇಲೆ ಚಿಕಿತ್ಸೆಯೂ ಉಂಟು. ಆದರೆ ಪಡೆಯುವವರು ತೀರ ಕಡಿಮೆ. ಭಾರತ ಸರಕಾರವು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ ೩೮ ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು.

ಚಿಕಿತ್ಸೆಗೆ ಮೂರು ಮೆಟ್ಟಿಲು. ಮೊದಲನೆಯದು ಶರೀರವನ್ನು ಚಟದಿಂದ ಬಿಡಿಸುವುದು. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸುಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು ಕಾಣಿಸುತ್ತವೆ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು; ಎರಡು ಮೂರನೆಯ ದಿನ ಸನ್ನಿ ಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಖೋಲಿಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬಾರದು. ಇದು ವೈದ್ಯರ ಕೆಲಸ. ಊಟದಲ್ಲಿ ಗುಟ್ಟಾಗಿ ಬೆರೆಸಲು ಮಾರುವ ಪುಡಿಗಳನ್ನೂ ನಂಬಬಾರದು. ವೈದ್ಯರೇ ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಸಹ ರೋಗಿಗೆ ತಿಳಿಸದೆ ಕೊಡಕೂಡದು. ಅದರ ಮೇಲೆ ಕುಡಿದರೆ ವಾಂತಿಯಾಗಿ, ರಕ್ತದ ಒತ್ತಡ ಕುಸಿದು, ಜೀವಕ್ಕೇ ಸಂಚಕಾರ ಬಂದೀತು.

ಎರಡನೆಯದು ಮನಸ್ಸನ್ನು ಗಟ್ಟಿಗೊಳಿಸುವುದು. ಇದರ ಉತ್ತಮ ಉದಾಹರಣೆ ನಮ್ಮ ಪುಣೆಯಲ್ಲಿಯೇ ಇದೆ. ೧೯೮೦ರ ದಶಕದಲ್ಲಿ ಬ್ರೌನ್ ಶುಗರ್ ಪುಡಿ ಇಲ್ಲಿಯ ತರುಣರಲ್ಲಿ ಹಬ್ಬಿತು. ಮರಾಠಿಯಲ್ಲಿ ಅದಕ್ಕೆ 'ಗರ್ದ' ಎನ್ನುತ್ತಾರೆ. ಲೇಖಕ ಅನಿಲ ಅವಚಟರು ಅದರ ಕುರಿತು ಬರೆದುದನ್ನು ಓದಿ ಪು. ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ದಂಪತಿಗಳು ಧನಸಹಾಯ ನೀಡಿದರು. ಯರವಡಾದ ಮನೋರೋಗ ಆಸ್ಪತ್ರೆಯ ವೈದ್ಯೆ ಡಾ. ಅನಿತಾ ಅವಚಟರು ಮುಂದೆ ನಿಂತು ೧೯೮೬ರ ಆಗಸ್ಟ್ ೨೯ರಂದು 'ಮುಕ್ತಾಂಗಣ'ವನ್ನು ತೆರೆದರು. ೧೯೯೭ರಲ್ಲಿ ಅವರು ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ಮಗಳು ಮುಕ್ತಾ ಪುಣತಾಂಬೇಕರ ಅದನ್ನು ಮುಂದುವರಿಸಿದರು. ರೋಗಿಗಳು ಅಲ್ಲಿ ಕೆಲವು ವಾರ ಉಳಿದು, ಹೊತ್ತಿಗೆ ಸರಿಯಾಗಿ ಏಳುವುದು, ಕೆಲಸ ಮಾಡುವುದು, ನಾಲ್ವರೊಡನೆ ಮನಬಿಚ್ಚಿ ಮಾತಾಡುವುದು ಇವನ್ನೆಲ್ಲ ಮತ್ತೆ ರೂಢಿಸಿಕೊಳ್ಳುತ್ತಾರೆ. ಗುಣವಾದವರೇ ಹೊಸಬರಿಗೆ ಕೈಹಿಡಿಯುವುದು ಅಲ್ಲಿಯ ವಿಶೇಷ.

ಮೂರನೆಯ ಮೆಟ್ಟಿಲೇ ಎಲ್ಲಕ್ಕೂ ಕಠಿಣ: ಮರಳಿ ಬಂದವನನ್ನು ಕಾಯುವುದು. ಇಲ್ಲಿ ಹಳ್ಳಿಗೂ ಪಟ್ಟಣಕ್ಕೂ ಭೇದವಿದೆ. ಹಳ್ಳಿಯಲ್ಲಿ ಮನೋವೈದ್ಯರು ದೂರ. ದಿನದ ಕೂಲಿ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ನೆರೆಹೊರೆಯವರ ಮಾತಿಗೂ ಅಂಜಬೇಕು. ಅದಕ್ಕಾಗಿಯೇ ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿಗೇ ಹೋಗಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು 'ನವಜೀವನ ಸಮಿತಿ' ಕಟ್ಟಿಕೊಂಡು ಕೂಡುತ್ತಾರೆ. ಹೆಂಡತಿ, ಹಿರಿಯರು, ಓಣಿಯವರು ಎಲ್ಲರ ಕಣ್ಣೂ ಅವನ ಮೇಲಿರುತ್ತದೆ.

ಪಟ್ಟಣದಲ್ಲಿ ಇದು ತಿರುವುಮುರುವು. ದವಾಖಾನೆ ಹತ್ತಿರ, ಕಾಯುವವರು ದೂರ. ಕಲಬುರ್ಗಿಯಿಂದಲೋ ವಿಜಯಪುರದಿಂದಲೋ ಬಂದ ಹುಡುಗನ ತಾಯಿತಂದೆ ಊರಲ್ಲಿ. ಪಗಾರ ಅವನ ಕೈಯಲ್ಲಿ. ಪಾಳಿ ಮುಗಿಸಿ ಬರುವ ಹಾದಿಯಲ್ಲಿ ಅಂಗಡಿ. ಹೀಗಿರುವಾಗ ಅವನ ಮನೆಯವರು ಯಾರು? ಒಂದೇ ಖೋಲಿಯಲ್ಲಿ ಮಲಗುವ ನಾವೇ. ಆದುದರಿಂದ ನಮ್ಮಿಂದಾಗುವ ಕೆಲವು ಕೆಲಸಗಳನ್ನು ಇಲ್ಲಿ ಹೇಳುತ್ತೇನೆ.

ಪಗಾರದ ದಿನ ಅವನೊಬ್ಬನನ್ನೇ ಬಿಡದೆ ಜೊತೆಗೆ ಬರಬೇಕು. ಊರಿಗೆ ಕಳಿಸುವ ಹಣವನ್ನು ಅವನ ಒಪ್ಪಿಗೆಯಿಂದ ಅಂದೇ ಕಳಿಸಿಬಿಡಬೇಕು. ಅವನಿದ್ದ ಖೋಲಿಯಲ್ಲಿ ಬಾಟಲಿ ತೆರೆಯಬಾರದು. ದವಾಖಾನೆಯ ವಾರದ ಭೇಟಿ ತಪ್ಪದಂತೆ ನೋಡಬೇಕು. ಮರಾಠಿ ಬಾರದ ಹೊಸಬನಾದರೆ ಭಾಷೆ ಬಲ್ಲವನೊಬ್ಬ ಸಂಗಡ ಹೋಗಬೇಕು. ತನ್ನ ಸಂಕಟವನ್ನು ಹೇಳಿಕೊಳ್ಳಲಾರದವನಿಗೆ ಸಮಾಲೋಚನೆಯಿಂದೇನು ಫಲ? ಜಾತ್ರೆಗೆಂದು ಊರಿಗೆ ಹೊರಟರೆ ಔಷಧಿಯ ಚೀಟಿ ಜೊತೆಗಿರಲಿ, ಮನೆಯವರಿಗೆ ಮೊದಲೇ ಸುದ್ದಿ ಮುಟ್ಟಲಿ. ಎಲ್ಲ ಮಾಡಿಯೂ ಒಂದು ದಿನ ಕಾಲು ಜಾರಿದರೆ "ಮುಗಿಯಿತು" ಎಂದು ಕೈಬಿಡಬಾರದು. ಈ ಬೇನೆ ಮರುಕಳಿಸುವುದುಂಟು. ಮರುಕಳಿಸಿದ ದಿನವೇ ವೈದ್ಯರ ಬಳಿಗೆ ಕರೆದೊಯ್ದರೆ ಮತ್ತೆ ಹಾದಿಗೆ ಬರುತ್ತಾನೆ.

ಪೋಲೀಸರ ಅಂಜಿಕೆಯಿಂದ ಗಾಂಜಾ, ಗರ್ದದ ಚಟವನ್ನು ಮುಚ್ಚಿಡುವವರೂ ಇದ್ದಾರೆ. ಸೇವನೆಯ ಇಲ್ಲವೆ ಅಲ್ಪ ಪ್ರಮಾಣದ ಆರೋಪ ಮಾತ್ರವಿದ್ದು, ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ೧೯೮೫ರ ಮಾದಕದ್ರವ್ಯ ಕಾಯಿದೆಯ ೬೪ಎ ಕಲಮಿನಲ್ಲಿ ಮೊಕದ್ದಮೆಯಿಂದ ರಕ್ಷಣೆ ಉಂಟು. ಆದರೆ ಚಿಕಿತ್ಸೆಯನ್ನು ಅವನು ಪೂರ್ತಿ ಮಾಡಬೇಕು.

ಚಟ ಬಿಡಿಸುವ ಸಲಹೆಗೆ ೧೪೪೪೬, ಮನಸ್ಸಿನ ತೊಂದರೆಗೆ ೧೪೪೧೬ ಎಂಬ ಸರಕಾರಿ ದೂರವಾಣಿಗಳಿವೆ. ಎರಡನೆಯದರಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಕರೆಗೆ ಹಣವಿಲ್ಲ. ಈ ಎರಡು ಸಂಖ್ಯೆಗಳನ್ನು ಬರೆದುಕೊಂಡು ತಮ್ಮ ತಮ್ಮ ಖೋಲಿಯ ಗೋಡೆಗೆ ಅಂಟಿಸಬೇಕೆಂದು ವಾಚಕರಲ್ಲಿ ವಿನಂತಿ.